ಕೇಳದ ಪ್ರಶ್ನೆಗೆ ಉತ್ತರ

ಭೀಮಕ್ಕ ನನ್ನ ಕೈಯಲ್ಲಿದ್ದ ಮೊಬೈಲು ಕಸಿದುಕೊಂಡು ಕುರಿಹಟ್ಟಿಯ ಬೇಲಿಯಾಚೆ ಎಸೆದಳು.

"ಆ ಹಾಳ ಡಬ್ಬಿ ನನ್ನ ಮುಂದ ಹಿಡೀಬ್ಯಾಡ," ಎಂದಳು. "ಅದರಾಗ ಮಾತಾಡಾಕತ್ತಾಳಲ್ಲ, ಆ ಭೀಮಕ್ಕ ನಾ ಅಲ್ಲ."

ಕುರಿಗಳು ಬೆದರಿ ಒಂದು ಮೂಲೆಗೆ ಒತ್ತಿಕೊಂಡವು. ಅವಳ ಮಗಳು ಮಾಲಾ ಮೊಬೈಲು ಹುಡುಕಲು ಬೇಲಿ ದಾಟಿ ಹೋದಳು. ನನಗೆ ಮೊಬೈಲಿನ ಚಿಂತೆ ಇರಲಿಲ್ಲ. ಆ ತಾಯಿಯ ಜಾಗದಲ್ಲಿ ನಾನಿದ್ದಿದ್ದರೆ ಮೊಬೈಲಿನ ಜೊತೆಗೆ ಅದನ್ನು ತಂದವಳನ್ನೂ ಎಸೆಯುತ್ತಿದ್ದೆ. ದಾನೇಶ್ವರಿಗೆ ಸಿಟ್ಟು ಮೂಗಿನ ತುದಿಯ ಮೇಲೆ ಎಂದು ನನ್ನವ್ವ ಖಾಸಬಾಗದ ಓಣಿಗೆಲ್ಲ ಹೇಳಿಕೊಂಡು ಬಂದಿದ್ದಾಳೆ. ಪತ್ತೇದಾರಿಕೆಗೆ ಸಿಟ್ಟು ಒಳ್ಳೆಯದಲ್ಲ, ನನಗೂ ಗೊತ್ತು. ಆದರೆ ಈ ಪ್ರಕರಣ ಕೈಗೆತ್ತಿಕೊಂಡು ಸಿಟ್ಟಾಗದೆ ಉಳಿದವರು ಮನುಷ್ಯರೇ ಅಲ್ಲ.

ಲೋಂಡಾ ದಾರಿಯ ಕಾಡಂಚಿನಲ್ಲಿ ದುಂಡಪ್ಪಣ್ಣ ಎಂಬ ರಾಜಕಾರಣಿ ರೆಸಾರ್ಟು ಕಟ್ಟಿಸುತ್ತಿದ್ದ. ಅಲ್ಲಿಯ ಶೆಡ್ಡಿಗೆ ಬೆಂಕಿ ಬಿದ್ದು ಕಾವಲುಗಾರ ಮಾಯಪ್ಪ ಸತ್ತ. ಕುರಿ ಹಾಯುವ ದಾರಿಗೆ ತಂತಿ ಬಿಗಿದದ್ದಕ್ಕೆ ಹಿಂದೊಮ್ಮೆ ಅಲ್ಲಿ ಜಗಳ ತೆಗೆದಿದ್ದ ಭೀಮಕ್ಕನ ಮಗ ಲಕ್ಷ್ಮಣ ಈಗ ಜೈಲಿನಲ್ಲಿದ್ದಾನೆ. ನಾಳೆ ಅವನ ಜಾಮೀನಿನ ವಿಚಾರಣೆ.

ಅವನ ವಿರುದ್ಧ ಇದ್ದ ದೊಡ್ಡ ಸಾಕ್ಷಿ ಯಾವುದು? ಹೆತ್ತ ತಾಯಿಯ ಮಾತು. ಬೆಳಗಾವಿಯ 'ನೇರಮಾತು' ಎಂಬ ಚಾನೆಲ್ಲು ಮೊಬೈಲಿನಲ್ಲಿ ಹರಿಯಬಿಟ್ಟ ಒಂದು ತುಣುಕು. ಅದರಲ್ಲಿ ನಿರೂಪಕ ಗೌರೀಶನ ದನಿ ಕನ್ನಡದಲ್ಲಿ ಕೇಳುತ್ತದೆ, ಆ ಶೆಡ್ಡಿಗೆ ಬೆಂಕಿ ಹಚ್ಚಿದವರು ನೀವೇ ಏನ್ರಿ ಎಂದು. ಭೀಮಕ್ಕ ಕ್ಯಾಮೆರಾದತ್ತ ನೋಡಿ ಮರಾಠಿಯಲ್ಲಿ ಹೇಳುತ್ತಾಳೆ: "ಹೋಯ್, ಆಮ್ಹೀಚ ಕೇಲಂ. ಆಣಖಿ ಕೋಣ ಕರಣಾರ?" ಹೌದು, ನಾವೇ ಮಾಡಿದ್ದು, ಮತ್ಯಾರು ಮಾಡಬೇಕು? ಕೆಳಗೆ ದಪ್ಪ ಅಕ್ಷರದಲ್ಲಿ ಕನ್ನಡದ ಅರ್ಥ. ಹಿಂದೆ ಢಂ ಢಂ ಎಂಬ ಸಂಗೀತ.

ಇಡೀ ಜಿಲ್ಲೆ ಅದನ್ನು ನೋಡಿತು. ಕುರಿ ಕಾಯುವವರನ್ನು ಕೊಲೆಗಡುಕರೆಂದು ಬೈಯುವವರ ಸಾಲು ಸಾಲು.

ಭೀಮಕ್ಕ ಹೇಳುವ ಕಥೆಯೇ ಬೇರೆ. ಮಾಯಪ್ಪನಿಗೆ ಹಿಂದೆ ಮುಂದೆ ಯಾರೂ ಇರಲಿಲ್ಲ. ಆಸ್ಪತ್ರೆಯಿಂದ ಹೆಣ ಒಯ್ಯಲು ಒಬ್ಬರೂ ಬರಲಿಲ್ಲ, ಅವನಿಗೆ ಸಂಬಳ ಕೊಡುತ್ತಿದ್ದ ದುಂಡಪ್ಪಣ್ಣನಂತೂ ಅತ್ತ ತಲೆಯನ್ನೂ ಹಾಕಲಿಲ್ಲ. ಇವರೇ ಹೋಗಿ ತಂದು ಮಣ್ಣು ಮಾಡಿದರು. ಆಮೇಲೆ ಕ್ಯಾಮೆರಾ ಹಿಡಿದ ಇಬ್ಬರು ಬಂದು, ಅನಾಥ ಹೆಣಕ್ಕೆ ಮಣ್ಣು ಕೊಟ್ಟವರು ನೀವೇ ಏನು ಎಂದು ಕೇಳಿದರು. ಭೀಮಕ್ಕ ಉತ್ತರ ಕೊಟ್ಟದ್ದು ಆ ಪ್ರಶ್ನೆಗೆ. ಪುಣ್ಯದ ಕೆಲಸದ ಮಾತನ್ನು ಕತ್ತರಿಸಿ ಪಾಪದ ಪ್ರಶ್ನೆಗೆ ಅಂಟಿಸಿದ್ದರು.

ಮಾಲಾ ಸುಮ್ಮನೆ ಕೂರಲಿಲ್ಲ. ಅವಳು ಬಸ್ಸಿನಲ್ಲಿ ಕಂಡಕ್ಟರು, ಬಾಯಿ ಗಟ್ಟಿ. ಚಾನೆಲ್ಲಿನ ತುಣುಕನ್ನೂ ಅವ್ವನ ಮಾತನ್ನೂ ಒಟ್ಟಿಗೆ ಸೇರಿಸಿ ತನ್ನ ಖಾತೆಯಲ್ಲಿ ಹಾಕಿದಳು. ಸಂಜೆಯಾಗುವುದರೊಳಗೆ ಅದು ಮಾಯ. ನಮ್ಮ ದೃಶ್ಯವನ್ನು ಅನುಮತಿಯಿಲ್ಲದೆ ಬಳಸಿದ್ದಾರೆ ಎಂದು 'ನೇರಮಾತು' ದೂರು ಕೊಟ್ಟಿತ್ತು. ಸಮಾಜದ ಶಾಂತಿ ಕೆಡಿಸುತ್ತಿದ್ದಾಳೆ ಎಂದು ದುಂಡಪ್ಪಣ್ಣನ ಹಿಂಬಾಲಕರು ರಾಶಿ ರಾಶಿ ದೂರು ಒತ್ತಿದ್ದರು. ಖಾತೆಗೇ ಬೀಗ ಬಿತ್ತು. ಅವಳ ಪೋಸ್ಟು ಹಂಚಿಕೊಂಡಿದ್ದ ಖಾನಾಪುರದ ಇಬ್ಬರು ಪತ್ರಕರ್ತರ ಪುಟಗಳಿಗೂ ಅದೇ ಗತಿ. ಮುಖ ಭೀಮಕ್ಕನದು, ಬಾಯಿ ಭೀಮಕ್ಕನದು, ಹಕ್ಕು ಮಾತ್ರ ಚಾನೆಲ್ಲಿನದು! ಸುಳ್ಳು ಹೇಳಿದವರ ವಿಡಿಯೋ ಇವತ್ತಿಗೂ ಓಡುತ್ತಿದೆ. ನಿಜ ಹೇಳಿದವಳ ಬಾಯಿಗೆ ಬಟ್ಟೆ.

ಮಾಲಾ ಮೊಬೈಲು ಒರೆಸುತ್ತ ಬಂದಳು. ಗಾಜಿಗೆ ಒಂದು ಗೀರು ಬಿದ್ದಿತ್ತು, ಅಷ್ಟೇ.

ಅಷ್ಟರಲ್ಲಿ ಕಟ್ಟಿಗೆ ಹೊರೆ ಹೊತ್ತು ದಾರಿಯಲ್ಲಿ ಹೋಗುತ್ತಿದ್ದ ನೆರೆಯ ಹೆಂಗಸೊಬ್ಬಳು ನಿಂತು, ಲಕ್ಷ್ಮಣನ ತಾರೀಖು ನಾಳೆಯೇ ಏನು ಎಂದು ಮರಾಠಿಯಲ್ಲಿ ಕೇಳಿದಳು. ಭೀಮಕ್ಕ ಆ ಕಡೆ ತಿರುಗಿ ಮರಾಠಿಯಲ್ಲೇ ಹೌದೆಂದಳು, ದೇವರ ಮೇಲೆ ಭಾರ ಹಾಕಿದ್ದೇನೆ ಎಂದಳು, ಮತ್ತೆ ನನ್ನ ಕಡೆ ತಿರುಗಿ ಕನ್ನಡದಲ್ಲಿ ಬೈಗುಳ ಮುಂದುವರಿಸಿದಳು. ನಡುವೆ ಒಂದು ಶಬ್ದವೂ ಅತ್ತಿತ್ತ ಆಗಲಿಲ್ಲ.

ನಾನು ಎದ್ದು ನಿಂತೆ.

ಎರಡು ವಾರದಿಂದ ಆ ತುಣುಕನ್ನು ನೋಡುತ್ತಿದ್ದೆ. ಬೆಳಕು ನೋಡಿದೆ, ನೆರಳು ನೋಡಿದೆ, ತುಟಿ ನೋಡಿದೆ. ಕಿವಿಗೆ ಬಿದ್ದದ್ದನ್ನೇ ಕೇಳಿಸಿಕೊಂಡಿರಲಿಲ್ಲ. ಕನ್ನಡದ ಪ್ರಶ್ನೆಗೆ ಮರಾಠಿಯ ಉತ್ತರ! ಬೆಳಗಾವಿಯ ನಮಗೆ ಅದು ಅಸಹಜ ಅನ್ನಿಸುವುದೇ ಇಲ್ಲ. ಪೇಟೆಯಲ್ಲಿ ಅರ್ಧ ಅದು, ಅರ್ಧ ಇದು, ಹಾಗೇ ಮಾತಾಡುತ್ತೇವೆ.

"ಮಾಲಾ, ನಿಮ್ಮವ್ವ ಕನ್ನಡದಾಗ ಕೇಳಿದವರಿಗೆ ಎಂದರ ಮರಾಠಿಯೊಳಗ ಹೇಳಿದ್ದು ಐತೇನು?"

ಮಾಲಾ ನಕ್ಕಳು. "ಇಲ್ಲಕ್ಕಾ. ಕೇಳಿದವರು ಯಾವ ಮಾತಿನಾಗ ಕೇಳ್ತಾರ, ಅದರಾಗ ಹೇಳಬೇಕು. ಇಲ್ಲಂದ್ರ ಮನಿಗೆ ಬಂದವರಿಗೆ ಅವಮಾನ ಮಾಡಿದಂಗ ಅಂತಾಳ. ಬಸ್ಸಿನಾಗ ನಾ ಟಿಕೆಟ್ ಕೊಡೂದೂ ಹಂಗ."

ಹಾಗಾದರೆ ಪ್ರಶ್ನೆ ಕೇಳಿದವನು ಮರಾಠಿಯಲ್ಲಿ ಕೇಳಿದ್ದ. ಭೀಮಕ್ಕನನ್ನು ವಿಚಾರಿಸಿದೆ. ಒಬ್ಬ ಕ್ಯಾಮೆರಾ ಹಿಡಿದಿದ್ದ, ತುಟಿ ಬಿಚ್ಚಲಿಲ್ಲ. ಇನ್ನೊಬ್ಬ ಕೊಲ್ಹಾಪುರದ ಪೇಪರಿನವನು ಎಂದು ಹೇಳಿಕೊಂಡು ಮರಾಠಿಯಲ್ಲಿ ಮಾತಾಡಿದ. ಧೂಳಿಗೆಂದು ಮಾಸ್ಕು, ಕಪ್ಪು ಕನ್ನಡಕ, ಮುಖ ಕಂಡಿರಲಿಲ್ಲ. ಬಹಳ ಮರ್ಯಾದಸ್ಥ ಎಂದಳು. ಇನ್ನೇನಾದರೂ ನೆನಪಾದರೆ ಮಾಲಾಳ ಕೈಯಲ್ಲಿ ಫೋನು ಮಾಡಿಸಬೇಕೆಂದು ಹೇಳಿ ಹೊರಟೆ.

ಹೊರಡುವಾಗ ಭೀಮಕ್ಕ ಒಳಗೆ ಹೋಗಿ ಕರಿಯ ಕಂಬಳಿಯೊಂದನ್ನು ತಂದು ನನ್ನ ತೋಳಿಗೆ ಹಾಕಿದಳು. "ಜೈಲಿನಾಗ ನೆಲ ತಣ್ಣಗಿರತೈತಿ. ಲಕ್ಷ್ಮಣಗ ಮುಟ್ಟಸು ತಂಗಿ," ಎಂದಳು. ನನಗೆ ಅಳು ಬರಲಿಲ್ಲ, ಹಲ್ಲು ಕಡಿಯುವಷ್ಟು ಸಿಟ್ಟು ಬಂತು.

ರಸ್ತೆಯ ಬದಿ ವಕೀಲ ಬೀರಣ್ಣ ಕಾರಿನಲ್ಲಿ ಕಾಯುತ್ತಿದ್ದ. ಲಕ್ಷ್ಮಣನ ಪರ ವಾದಿಸುವವನು ಅವನೇ. ಒಂದು ಪೈಸೆ ಮುಟ್ಟದೆ, ನಮ್ಮ ಜನ ಎಂದು ತಾನಾಗಿ ಮುಂದೆ ಬಂದ ಹುಡುಗ. ಸಾಕ್ಷಿದಾರರ ಮನೆಗೆ ವಕೀಲ ಕಾಲಿಟ್ಟರೆ ನಾಳೆ ಎದುರಿನವರು ಹೇಳಿಕೊಟ್ಟ ಸಾಕ್ಷಿ ಅನ್ನುತ್ತಾರೆಂದು ಹಟ್ಟಿಯ ತನಕ ಬಂದಿರಲಿಲ್ಲ. ಮೊದಲಿನಿಂದಲೂ ಹಾಗೇ. ಮಾಲಾ ಅವನನ್ನು ನೋಡಿದ್ದು ಕೋರ್ಟಿನಲ್ಲಿ, ಭೀಮಕ್ಕ ನೋಡಿಯೇ ಇರಲಿಲ್ಲ.

ಕಂಬಳಿಯನ್ನು ಹಿಂದಿನ ಸೀಟಿಗೆ ಎಸೆಯಲು ಹೋದೆ. ಬೀರಣ್ಣ ತಡೆದ. ಬೂಟು ಕಳಚಿ ಪಕ್ಕಕ್ಕಿಟ್ಟು, ಎರಡೂ ಕೈಯಲ್ಲಿ ಕಂಬಳಿ ಇಸಿದುಕೊಂಡು ಕಣ್ಣಿಗೊತ್ತಿಕೊಂಡ. ಆಮೇಲೆ ಮಡಿಕೆ ಕೆಡದಂತೆ ಸೀಟಿನ ಮೇಲಿಟ್ಟ. ಕರಿಕೋಟಿನವರ ಗುಂಪಿನಲ್ಲಿದ್ದೂ ಕಂಬಳಿಯನ್ನು ದೇವರಂತೆ ಕಾಣುವ ಕುಲದ ಮರ್ಯಾದೆ ಮರೆತಿಲ್ಲವಲ್ಲ ಎಂದು ನನಗೆ ಅವನ ಮೇಲೆ ಅಕ್ಕರೆಯಾಯಿತು.

ಖಾನಾಪುರದಲ್ಲಿ ಚಹಾ ಕುಡಿಯಲು ನಿಂತೆವು. ಅಂಗಡಿಯವನು ಸಕ್ಕರೆ ಕಡಿಮೆಯೋ ಹೆಚ್ಚೋ ಎಂದು ಮರಾಠಿಯಲ್ಲಿ ಕೇಳಿದ. ಬೀರಣ್ಣ ನನ್ನ ಮುಖ ನೋಡಿದ. "ಏನಂತಾನ್ರಿ ಅಕ್ಕಾರ? ನಾವು ಗೋಕಾಕ ಕಡೆಯವರು, ನಂಗ ಮರಾಠಿ ತಿಳಿಯೂದಿಲ್ಲ." ಇಷ್ಟು ವರ್ಷ ಬೆಳಗಾವಿಯಲ್ಲಿ ವಕೀಲಿಕೆ ಮಾಡಿ ಚಹಾದ ಸಕ್ಕರೆಯಷ್ಟು ಮರಾಠಿ ಕಲಿಯಲಿಲ್ಲವೇ ಎಂದು ಛೇಡಿಸಿದೆ. ಅವನೂ ನಕ್ಕ. ದಾರಿಯುದ್ದಕ್ಕೂ ನಾನು ಕಂಡುಕೊಂಡದ್ದನ್ನು ಅವನಿಗೆ ವಿವರಿಸಿದೆ. ಅವನು ಎರಡು ಸಲ, ಹುಷಾರದೀರಿ ಅಕ್ಕಾರ, ಅಂದ.

'ನೇರಮಾತು' ಚಾನೆಲ್ಲಿನ ಕಚೇರಿ ಟಿಳಕವಾಡಿಯ ಒಂದು ಹಳೆಯ ಕಟ್ಟಡದ ಮಹಡಿಯ ಮೇಲೆ. ಗೋಡೆಯ ತುಂಬ ಕೆಂಪಕ್ಷರ: ಕತ್ತರಿ ಇಲ್ಲದ ಮಾತು. ಓದಿದ ಕೂಡಲೇ ಕೈ ತುರಿಸಿತು. ಬೀರಣ್ಣ ಕೆಳಗೇ ಉಳಿದ.

ಗೌರೀಶ ಸಂಜೆಯ ಕಾರ್ಯಕ್ರಮಕ್ಕೆ ಸಿದ್ಧನಾಗುತ್ತಿದ್ದ. ಅರ್ಧ ಮುಖಕ್ಕೆ ಪೌಡರು ಬಿದ್ದಿತ್ತು, ಇನ್ನರ್ಧಕ್ಕೆ ಬೀಳಬೇಕಿತ್ತು. ನನ್ನನ್ನು ನೋಡಿ, "ಬರ್ರಿ ಮೇಡಮ್ಮಾರ, ಕುಂದರ್ರಿ," ಎಂದು ಬಾಯಿ ತುಂಬ ಕರೆದ. ನಾನು ಕೂರಲಿಲ್ಲ.

ಆ ಪ್ರಶ್ನೆ ಕೇಳಿದವರು ನೀವೇ ತಾನೆ ಎಂದು ಮರಾಠಿಯಲ್ಲಿ ಕೇಳಿದೆ.

ಅವನು ಕಣ್ಣು ಪಿಳುಕಿಸಿದ. "ಏನಂದ್ರಿ?"

ಮತ್ತೊಮ್ಮೆ ಕೇಳಿದೆ, ಬೇಕೆಂದೇ ನಿಧಾನವಾಗಿ. ಅವನು ನಗಲು ನೋಡಿದ. ತಾನು ಗದಗದ ಕಡೆಯವನೆಂದೂ ಮರಾಠಿ ಅಷ್ಟಕ್ಕಷ್ಟೇ ಎಂದೂ ಹೇಳಿದ.

"ಹಂಗಾರ ಕೇಳ್ರಿ," ಎಂದೆ ಕನ್ನಡದಲ್ಲಿ. "ಭೀಮಕ್ಕ ಕನ್ನಡದಾಗ ಕೇಳಿದವರಿಗೆ ಮರಾಠಿಯೊಳಗ ಹೇಳೂ ಪೈಕಿ ಅಲ್ಲ. ಆಕಿಗೆ ಮರಾಠಿಯೊಳಗ ಯಾರೋ ಏನೋ ಕೇಳ್ಯಾರ. ಅದನ್ನ ಕತ್ತರಿಸಿ ಒಗದು, ನೀವು ಈ ಏಸಿ ಖೋಲ್ಯಾಗ ಕುಂತು ನಿಮ್ಮ ಪ್ರಶ್ನಿ ತುಂಬೀರಿ. ನೀವು ಆ ಹಟ್ಟಿ ನೋಡೇ ಇಲ್ಲ."

ಮುದುಕಿಯರು ಎರಡೂ ಬೆರೆಸಿ ಮಾತಾಡುತ್ತಾರೆ ಎಂದು ಅವನು ವಾದ ಹೂಡಿದ. ಹಟ್ಟಿಯ ಬಾಗಿಲು ಯಾವ ದಿಕ್ಕಿಗಿದೆ ಹೇಳಿ ಎಂದೆ. ಮೂಡಣಕ್ಕೆ ಎಂದ. ಹಟ್ಟಿಗೆ ಬಾಗಿಲೇ ಇಲ್ಲ, ಮುಳ್ಳುಕಂಟಿ ಹೆಣೆದು ಅಡ್ಡ ಇಡುವ ಪಡಕು ಎಂದೆ. ಅಲ್ಲಿದ್ದ ಮೇಕಪ್ಪಿನ ಹೆಂಗಸನ್ನು ಹೊರಗೆ ಕಳಿಸಿ ಬಾಗಿಲು ಹಾಕಿಕೊಂಡ.

ಆಮೇಲೆ ಬಂದದ್ದು ಗೋಳು. ತಾನೂ ಒಂದು ಕಾಲಕ್ಕೆ ದುಂಡಪ್ಪಣ್ಣನ ರೆಸಾರ್ಟಿನ ಬಗ್ಗೆ, ಕಾಡು ಕಡಿದದ್ದರ ಬಗ್ಗೆ ನಿಜವಾದ ವರದಿ ಮಾಡಿದ್ದನಂತೆ. ಬೆಳಗಾಗುವುದರೊಳಗೆ ಚಾನೆಲ್ಲಿನ ಪುಟವೇ ಇರಲಿಲ್ಲವಂತೆ. ಯಾರು ಮುಚ್ಚಿಸಿದರು, ಯಾಕೆ ಮುಚ್ಚಿಸಿದರು ಎಂದು ಕೇಳಿದರೆ ಉತ್ತರ ಕೊಡುವ ಒಬ್ಬ ಮನುಷ್ಯನೂ ಸಿಗಲಿಲ್ಲವಂತೆ. ಮತ್ತೆ ಕಟ್ಟಿದ, ಮತ್ತೆ ಮುಚ್ಚಿದರು. ಮೂರನೆಯ ಸಲ ಕಟ್ಟಿದಾಗ ಅವರು ಕಳಿಸಿದ್ದನ್ನು ಹಾಕುವುದು ಕಲಿತನಂತೆ.

"ನಾ ಹಾಕಲಿಲ್ಲಂದ್ರ ಮತ್ತೊಬ್ಬ ಹಾಕ್ತಾನ್ರಿ," ಎಂದ. "ಪುಟ ಮುಚ್ಚಿದ್ರ ನಾ ಬೀದಿಗೆ ಬೀಳ್ತೀನಿ."

ಅವನ ಬಾಯಿ ಕಟ್ಟಿದವರ ಮೇಲೆ ಅವನಿಗೆ ಸಿಟ್ಟು ಬರಬೇಕಿತ್ತು. ಅದು ಬಿಟ್ಟು, ತನ್ನ ಬಾಯಿಗೆ ಕಟ್ಟಿದ ಬಟ್ಟೆಯನ್ನೇ ಬಿಚ್ಚಿ ಒಬ್ಬ ಬಡವಿಯ ಬಾಯಿಗೆ ಬಿಗಿದಿದ್ದ. ಅತ್ತೆಯ ಮೇಲಿನ ಕೋಪ ಕೊತ್ತಿಯ ಮೇಲೆ ಅನ್ನುತ್ತಾರಲ್ಲ, ಇವನಿಗೆ ಆ ಕೋಪವೂ ಇರಲಿಲ್ಲ, ಬರೀ ಅಂಜಿಕೆ.

"ನಿಮ್ಮ ಪುಟ ಮುಚ್ಚಿದ್ರ ಮತ್ತೊಂದು ತೆರೀತೀರಿ ಗೌರೀಶ," ಎಂದೆ. "ಲಕ್ಷ್ಮಣಗ ಜೈಲಿನ ಬಾಗಲಾ ಯಾರು ತೆರೀತಾರ? ಒಬ್ಬ ಅನಾಥಗ ಮಣ್ಣ ಕೊಟ್ಟ ತಾಯಿ ಆಕಿ. ನೀವು ಆಕಿ ಕೈಲೇ ಮಗನ್ನ ಜೀವಂತ ಹುಗಸೀರಿ."

ನಾನು ಬಿಡಲಿಲ್ಲ. ನಾಳೆ ಕೋರ್ಟಿನಲ್ಲಿ ಈ ಭಾಷೆಯ ಮಾತು ಬಂದೇ ಬರುತ್ತದೆ, ಕತ್ತರಿಸಿದವರು ಯಾರು ಎಂದು ಕೇಳಿಯೇ ಕೇಳುತ್ತಾರೆ, ಆಗ ದುಂಡಪ್ಪಣ್ಣ ನಿಮ್ಮ ಹೆಸರು ಹೇಳಿ ಕೈ ತೊಳೆದುಕೊಳ್ಳುತ್ತಾನೆ ಎಂದೆ. ಇದು ಅವನಿಗೆ ಚೆನ್ನಾಗಿ ಅರ್ಥವಾಯಿತು. ಭೀಮಕ್ಕನ ಕಣ್ಣೀರಿಗೆ ಕರಗದವನು ತನ್ನ ಕತ್ತಿನ ವಿಷಯ ಬಂದಾಗ ಕರಗಿದ.

ಮೇಜಿನ ಖಾನೆಯ ತಳದಿಂದ ಉಗುರಿನಷ್ಟು ಚಿಕ್ಕ ಮೆಮರಿ ಕಾರ್ಡು ತೆಗೆದ. ದುಂಡಪ್ಪಣ್ಣನ ಕಡೆಯಿಂದ ಲಕೋಟೆಯಲ್ಲಿ ಬಂದದ್ದು ಇದು. ಕೆಲಸ ಮುಗಿದ ಮೇಲೆ ಅಳಿಸಲು ಹೇಳಿದ್ದರು. ಮುಂದೆ ತನ್ನ ಮೇಲೇ ಬಂದರೆ ಇರಲಿ ಎಂದು ಅಳಿಸದೆ ಇಟ್ಟುಕೊಂಡಿದ್ದ. ಕಂಪ್ಯೂಟರಿನಲ್ಲಿದ್ದ ನಕಲು ಅಳಿಸಿ ಹೋಗಿದೆ, ಇದೊಂದೇ ಉಳಿದದ್ದು.

"ಪೂರಾ ಮಾತು ಇದರಾಗ ಐತ್ರಿ. ಕೇಳಿದಾಂವ ಯಾರಂತ ನಂಗೊತ್ತಿಲ್ಲ. ದನಿ ಐತಿ, ಮುಖ ಇಲ್ಲ."

ಅವನ ಕಂಪ್ಯೂಟರಿಗೆ ಹಾಕಿ ನೋಡಲು ನನಗೆ ಧೈರ್ಯವಾಗಲಿಲ್ಲ. ಒಂದು ಗುಂಡಿ ಒತ್ತಿದರೆ ಎಲ್ಲ ಅಳಿಸಿ ಹೋಗುತ್ತದೆ. ಕಾರ್ಡನ್ನು ಕರವಸ್ತ್ರದಲ್ಲಿ ಗಂಟು ಹಾಕಿ ಮೆಟ್ಟಿಲಿಳಿದೆ.

ಬೀರಣ್ಣನ ಮುಖ ಅರಳಿತು. ಈಗಿಂದೀಗಲೇ ಕೋರ್ಟಿಗೆ ಹೋಗಿ, ನಾಳೆಯ ಅರ್ಜಿಯ ಜೊತೆಗೆ ಇದನ್ನು ಹಾಜರುಪಡಿಸಿಬಿಡುತ್ತೇನೆ ಎಂದ. ನನ್ನ ಬಳಿ ಒಂದು ರಾತ್ರಿ ಇದ್ದರೂ ನಾಳೆ ಎದುರಿನವರು, ಪತ್ತೇದಾರಳೇ ತಿದ್ದಿದ್ದಾಳೆ ಎಂದು ಕೂಗುತ್ತಾರೆ ಎಂದ. ಮಾತು ಸರಿಯಾಗಿತ್ತು. ಗಂಟು ಬಿಚ್ಚಿ ಕಾರ್ಡನ್ನು ಅವನ ಅಂಗೈಗೆ ಹಾಕಿದೆ. ಕಂಬಳಿಯನ್ನೂ ಜೈಲಿಗೆ ತಾನೇ ಮುಟ್ಟಿಸುತ್ತೇನೆಂದು ಹೇಳಿ ಕಾರು ಹತ್ತಿದ.

ನಾನು ಆಟೋ ಹಿಡಿದು ಖಾಸಬಾಗಕ್ಕೆ ಬಂದೆ. ಓಣಿಯಲ್ಲಿ ಮಗ್ಗಗಳ ಸದ್ದು ಎಂದಿನಂತೆ ಕಿವಿ ತುಂಬುತ್ತಿತ್ತು. ಬಹಳ ದಿನದ ಮೇಲೆ ಅವ್ವ ಎತ್ತಿಟ್ಟಿದ್ದ ಮಧ್ಯಾಹ್ನದ ಊಟ ರುಚಿಯಾಗಿ ಕಂಡಿತು. ಎರಡನೆಯ ರೊಟ್ಟಿಗೆ ಕೈ ಹಾಕುವಾಗ ಮಾಲಾಳ ಫೋನು ಬಂತು.

"ಅಕ್ಕಾ, ಅವ್ವಗ ಏನೋ ನೆನಪಾಗೇತಿ. ತಾನ ಹೇಳ್ತೀನಿ ಅಂತಾಳ."

ಆ ಹಾಳು ಡಬ್ಬಿಯನ್ನು ಭೀಮಕ್ಕ ತಾನಾಗಿ ಕೈಯಲ್ಲಿ ಹಿಡಿದಿದ್ದಳು. ದೂರದಲ್ಲಿರುವವರನ್ನು ಕೂಗುವಂತೆ ಗಟ್ಟಿಯಾಗಿ ಮಾತಾಡಿದಳು.

"ತಂಗೀ, ನಿನಗ ಕಂಬಳಿ ಕೊಟ್ಟಾಗಿಂದ ಮನಸ್ಸಿನಾಗ ಕೊರಿಯಾಕತ್ತಿತ್ತು. ಅವತ್ತ ಆ ಪೇಪರಿನಾಂವಗ ಕುಂದರಾಕ ಕಂಬಳಿ ಹಾಸಿದ್ದೆ. ಆಂವ ಬೂಟ ಕಳದ, ಕಂಬಳಿ ಎರಡೂ ಕೈಲೇ ಎತ್ತಿ ಕನ್ನಡಕದ ಮ್ಯಾಲೇ ಕಣ್ಣಿಗೆ ಒತ್ತಿಗೊಂಡ, ಆಮ್ಯಾಲ ಕುಂತ. ಮಾತು ಮರಾಠಿ ಇದ್ದರೂ ಇಂವಾ ನಮ್ಮಾಂವನ ಅಂತ ತಿಳದೆ. ಕ್ಯಾಮೆರಾ ಮುಂದ ಬಾಯಿ ಬಿಟ್ಟದ್ದು ಅದಕ್ಕ. ಕಂಬಳಿ ಕಣ್ಣಿಗೊತ್ತಿದಾಂವ ಮೋಸ ಮಾಡೂದಿಲ್ಲ ಅಂತ ನಂಬಿದ್ದೆ."

ಕೈಯಲ್ಲಿದ್ದ ರೊಟ್ಟಿಯನ್ನು ತಟ್ಟೆಗೆ ಹಾಕಿದೆ.

ರಸ್ತೆ ಬದಿಯ ಕಾರು. ಕಳಚಿಟ್ಟ ಬೂಟು. ಎರಡು ಕೈ. ಅಕ್ಕರೆಯಿಂದ ನೋಡಿದ್ದೆನಲ್ಲ, ನನ್ನ ಕಣ್ಣಿಗಿಷ್ಟು ಬೆಂಕಿ ಹಾಕ! ಅವನು ವೇಷ ಬದಲಿಸಿದ್ದ, ಮಾತು ಬದಲಿಸಿದ್ದ. ಚಿಕ್ಕಂದಿನಿಂದ ರೂಢಿಯಾದ ಕೈಯನ್ನು ಬದಲಿಸಲು ಆಗಿರಲಿಲ್ಲ. ಬೇಲಿಯೇ ಎದ್ದು ಹೊಲ ಮೇಯ್ದಿತ್ತು, ಆ ಬೇಲಿಯ ಕೈಗೇ ನಾನು ಕಾಳಿನ ಚೀಲವನ್ನೂ ಕೊಟ್ಟು ಬಂದಿದ್ದೆ.

ಆದರೂ ಒಂದು ಅನುಮಾನ ಉಳಿದಿತ್ತು. ಕಂಬಳಿ ಕಣ್ಣಿಗೊತ್ತುವವರು ಸಾವಿರ ಜನ. ಬೀರಣ್ಣನಿಗೆ ಮರಾಠಿ ತಿಳಿಯದು.

ಭೀಮಕ್ಕನಿಗೆ ಏನೋ ಸಮಾಧಾನ ಹೇಳಿ ಫೋನು ಇಡುವುದರೊಳಗೆ ಬೀರಣ್ಣನದೇ ಕರೆ ಬಂತು. ದನಿಯಲ್ಲಿ ಎಷ್ಟು ದುಃಖ!

"ಅಕ್ಕಾರ, ಗೌರೀಶ ನಮಗ ಟೋಪಿ ಹಾಕ್ಯಾನ್ರಿ. ಕಾರ್ಡಿನಾಗ ಏನೂ ಇಲ್ಲ. ಖಾಲಿ ಐತಿ."

ಜೀವನದಲ್ಲಿ ಮೊದಲ ಸಲ ಮೂಗಿನ ತುದಿಯ ಸಿಟ್ಟನ್ನು ನುಂಗಿದೆ. ಅವಸರದಲ್ಲಿರುವವಳ ಹಾಗೆ, ಅವನಿಗೆ ಯೋಚಿಸಲು ಬಿಡದೆ, ಈಗ ಎಲ್ಲಿದ್ದೀರಿ ಎಂದು ಮರಾಠಿಯಲ್ಲಿ ಕೇಳಿದೆ.

"ವಕೀಲಸಾಹೇಬ, ಆತಾ ಕುಠೇ ಆಹಾತ ತುಮ್ಹಿ?"

"ಕೋರ್ಟಾತಚ ಆಹೇ, ಸಾಂಗಾ ನಾ," ಎಂದ ಬೀರಣ್ಣ. ಕೋರ್ಟಿನಲ್ಲೇ ಇದ್ದೇನೆ, ಹೇಳಿ. ಅಚ್ಚ ಖಾನಾಪುರದ ಮರಾಠಿ. ಕೇಳಿದವರ ಮಾತಿನಲ್ಲೇ ಉತ್ತರ.

ಮಗ್ಗಗಳ ಸದ್ದು ನಮ್ಮಿಬ್ಬರ ನಡುವೆ ಓಡುತ್ತಿತ್ತು.

ಅವನು ಮತ್ತೆ ಬಾಯಿ ತೆರೆದಾಗ ದುಃಖವೆಲ್ಲ ಹೋಗಿತ್ತು, ಅಕ್ಕಾರ ಅನ್ನುವುದೂ ಹೋಗಿತ್ತು.

"ಗೊತ್ತಾದ್ರ ಏನಾತು? ಲಕ್ಷ್ಮಣ ಸಹಿ ಹಾಕಿದ ವಕಾಲತ್ತು ನನ್ನ ಕೈಯಾಗ ಐತಿ," ಎಂದ. "ನಾಳೆ ಲಕ್ಷ್ಮಣನ ಪರವಾಗಿ ಎದ್ದು ನಿಂದರಾಂವ ನಾನ."